ಗಂಡ ಓ, ಹೆಂಡತಿ ಓ, ಮಗ ಬಿ: ಹೀಗೂ ಆಗುತ್ತಾ?

ಬೆಣ್ಣೆದೋಸೆ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ನಾನು ಕಾಮರ್ಸ್ ಓದಿದವನು, ಸ್ವಲ್ಪ ಬಿಡಿಸಿ ಹೇಳಿ.

ನಮ್ಮಕ್ಕನಿಗೆ 42 ವರ್ಷ. ಗರ್ಭಕೋಶದಲ್ಲಿ ಗಡ್ಡೆ ಇದೆ, ಆಪರೇಷನ್ ಆಗಬೇಕು. ಕಾಲೇಜಿನಲ್ಲಿದ್ದಾಗ ಯಾವುದೋ ಕ್ಯಾಂಪಿನಲ್ಲಿ ಬೆರಳು ಚುಚ್ಚಿ ಕೊಟ್ಟ ಕಾರ್ಡಿನಲ್ಲಿ ಓ ಪಾಸಿಟಿವ್ ಎಂದಿದೆ. ಎರಡು ಬಾಟಲಿ ರಕ್ತ ರೆಡಿ ಇಟ್ಟುಕೊಳ್ಳೋಣ ಎಂದರು. ಓ ತಾನೇ, ಎಲ್ಲಿ ಬೇಕಾದರೂ ಸಿಗುತ್ತೆ ಎಂದುಕೊಂಡೆ. ಕ್ರಾಸ್‌ಮ್ಯಾಚ್ (ಕೊಡುವ ರಕ್ತ ಪಡೆಯುವವರಿಗೆ ಹೊಂದುತ್ತಾ ಎಂದು ನೋಡುವ ಪರೀಕ್ಷೆ) ಮಾಡಿದರೆ ಒಂದು ಬಾಟಲಿಯೂ ಹೊಂದಲಿಲ್ಲ. ಬೇರೆ ಬಾಟಲಿ ತಂದರು, ಅದೂ ಇಲ್ಲ. ಕೊನೆಗೆ ದೊಡ್ಡ ಬ್ಲಡ್ ಬ್ಯಾಂಕಿಗೆ ಸ್ಯಾಂಪಲ್ ಹೋಯಿತು. "ಇದು ಬಾಂಬೆ ಗುಂಪು, ಒಂದು ಎಂಜೈಮ್ ಕೆಲಸ ಮಾಡುತ್ತಿಲ್ಲ" ಎಂದು ಬರೆದು ಕಳಿಸಿದ್ದಾರೆ. ನಮ್ಮ ಡಾಕ್ಟರ್ ಅಷ್ಟು ಹೇಳಿ ಮುಂದಿನ ಪೇಷೆಂಟ್ ಕರೆದರು.

ಇನ್ನೊಂದು ವಿಷಯ. ಭಾವ ಓ ಪಾಸಿಟಿವ್. ಅಕ್ಕನ ಮಗ ಬಿ ಪಾಸಿಟಿವ್. ಓ ಗಂಡ ಹೆಂಡತಿಗೆ ಬಿ ಮಗು ಹೇಗೆ ಹುಟ್ಟುತ್ತೆ ಎಂದು ಹುಡುಗ ಹುಟ್ಟಿದಾಗಿನಿಂದ ಅಕ್ಕನ ಅತ್ತೆ ಈ ಲೆಕ್ಕ ಹಿಡಿದುಕೊಂಡು ಕೂತಿದ್ದಾರೆ. ಎದುರಿಗೆ ಹೇಳುವುದಿಲ್ಲ, ಆದರೆ ಹೇಳದೇ ಇರುವುದೂ ಇಲ್ಲ. ಹದಿನೈದು ವರ್ಷದಿಂದ ಅಕ್ಕ ಅದನ್ನು ನುಂಗಿಕೊಂಡಿದ್ದಾಳೆ. ಈ ಎಂಜೈಮ್‌ಗೂ ಆ ಲೆಕ್ಕಕ್ಕೂ ಸಂಬಂಧ ಇದೆಯಾ?

ಹುಬ್ಬಳ್ಳಿ_ಗಿರ್ಮಿಟ್
ಸಂಬಂಧ ಅದ. ಬ್ಲಡ್ ಬ್ಯಾಂಕಿನ ಸಿದ್ದಣ್ಣ ಬರಲಿ, ಅವರು ಹೇಳ್ತಾರೆ. ಅಲ್ಲೀತನಕ ಅಕ್ಕನಿಗೆ ಧೈರ್ಯ ಹೇಳಿ.

ಪಥ್ಯಪ್ರಿಯ
ಬಾಂಬೆ ಗುಂಪು ಎಂದರೆ ಓ ನೆಗೆಟಿವ್‌ಗಿಂತಲೂ ಅಪರೂಪದ ನೆಗೆಟಿವ್ ಗುಂಪು. ಇವರು ಮಾಂಸ ಬಿಡಬೇಕು.

ಸ್ಲೈಡ್_ಸಿದ್ದು
ಪಥ್ಯಪ್ರಿಯರೇ, ಎರಡೂ ತಪ್ಪು. ಪಾಸಿಟಿವ್ ನೆಗೆಟಿವ್ ಎನ್ನುವುದು ಆರ್‌ಎಚ್ ಲೆಕ್ಕ. ಅದು ಸಕ್ಕರೆ ಅಲ್ಲ, ಒಂದು ಪ್ರೋಟೀನ್ ಇದೆಯೋ ಇಲ್ಲವೋ ಎಂಬ ಪ್ರಶ್ನೆ. ಎ, ಬಿ, ಓ ಸಕ್ಕರೆಯ ಲೆಕ್ಕ. ಇವರ ಅಕ್ಕ ಬಾಂಬೆ ಪಾಸಿಟಿವ್.

ನಾನು ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್, ಹದಿನೆಂಟು ವರ್ಷ ಆಯಿತು. ಕ್ಯಾಂಪಿನಲ್ಲಿ ಏನಾಗುತ್ತದೆ ಗೊತ್ತಾ? ಸ್ಲೈಡ್ ಮೇಲೆ ಮೂರು ಹನಿ ರಕ್ತ. ಒಂದಕ್ಕೆ ನೀಲಿ ದ್ರವ, ಅದು ಎ ಹಿಡಿಯಲು. ಒಂದಕ್ಕೆ ಹಳದಿ, ಅದು ಬಿ ಹಿಡಿಯಲು. ಮೂರನೆಯದು ಬಣ್ಣವಿಲ್ಲದ್ದು, ಆರ್‌ಎಚ್‌ಗೆ. ನೀಲಿಯಲ್ಲೂ ಹಳದಿಯಲ್ಲೂ ರಕ್ತ ಗಂಟು ಕಟ್ಟದಿದ್ದರೆ "ಓ" ಎಂದು ಬರೆದು ಕಾರ್ಡ್ ಕೊಡುತ್ತಾರೆ. ಗಮನಿಸಿ, ಓ ಇದೆ ಎಂದು ಯಾರೂ ನೋಡಲಿಲ್ಲ. ಎ ಇಲ್ಲ, ಬಿ ಇಲ್ಲ ಎಂದು ಮಾತ್ರ ನೋಡಿದರು. ಬಾಂಬೆ ಗುಂಪಿನವರು ಈ ಸಂದಿಯಲ್ಲಿ ತಪ್ಪಿಸಿಕೊಳ್ಳುತ್ತಾರೆ.

ಬ್ಲಡ್ ಬ್ಯಾಂಕಿನಲ್ಲಿ ಉಲ್ಟಾ ಪರೀಕ್ಷೆಯೂ ಮಾಡುತ್ತೇವೆ. ನಿಮ್ಮ ಸೀರಮ್, ಅಂದರೆ ರಕ್ತದ ತಿಳಿ ದ್ರವ ತೆಗೆದು ಅದಕ್ಕೆ ಗೊತ್ತಿರುವ ಎ ಕಣ, ಬಿ ಕಣ, ಓ ಕಣ ಹಾಕುವುದು. ಮಾಮೂಲಿ ಓ ಮನುಷ್ಯನ ಸೀರಮ್ ಓ ಕಣವನ್ನು ಮುಟ್ಟಬಾರದು. ಬಾಂಬೆಯವರದು ಓ ಕಣವನ್ನೂ ಗಂಟು ಕಟ್ಟಿಸುತ್ತದೆ. ಅಲ್ಲಿಗೆ ಸಿಕ್ಕಿಬಿದ್ದ ಹಾಗೆ.

ಅಂದಹಾಗೆ, ಅಪ್ಪ ಅಮ್ಮನ ಗುಂಪು ಯಾವುದು? ಒಡಹುಟ್ಟಿದವರು ಎಷ್ಟು ಜನ? ಇದು ಕುತೂಹಲಕ್ಕೆ ಕೇಳುತ್ತಿರುವುದಲ್ಲ.

ಗಾಲ್ಜಿ_ಗಲ್ಲಿ
ಎಂಜೈಮ್ ಭಾಗ ನಾನು ಹೇಳುತ್ತೇನೆ. ಬೆಂಗಳೂರಿನಲ್ಲಿ ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಐದನೇ ವರ್ಷ. ಯಾವಾಗ ಮುಗಿಯುತ್ತೆ ಎಂದು ಕೇಳಬೇಡಿ.

ಕೆಂಪು ರಕ್ತಕಣದ ಮೈಮೇಲೆ ಪ್ರೋಟೀನುಗಳಿವೆ, ಕೊಬ್ಬಿನ ಅಣುಗಳಿವೆ. ಅವುಗಳಿಗೆ ಸಕ್ಕರೆಯ ಸರಗಳು ಅಂಟಿರುತ್ತವೆ. ರಕ್ತದ ಗುಂಪು ಎಂದರೆ ಆ ಸರದ ತುದಿ ಹೇಗಿದೆ ಎಂಬುದು. ಅಷ್ಟೇ ವಿಷಯ.

ತುದಿಯಲ್ಲಿ ಮೊದಲು ಗ್ಯಾಲಕ್ಟೋಸ್ ಇರುತ್ತದೆ. ಒಂದು ಎಂಜೈಮ್ ಅದಕ್ಕೆ ಫ್ಯೂಕೋಸ್ ಎಂಬ ಸಕ್ಕರೆಯನ್ನು ಸೇರಿಸುತ್ತದೆ. ಈಗ ಆ ತುದಿಯ ಹೆಸರು ಎಚ್. ಓ ಗುಂಪಿನವರಲ್ಲಿ ಕೆಲಸ ಇಲ್ಲಿಗೇ ನಿಲ್ಲುತ್ತದೆ. ಎ ಗುಂಪಿನವರಲ್ಲಿ ಇನ್ನೊಂದು ಎಂಜೈಮ್ ಬಂದು ಎಚ್ ಮೇಲೆ ಎನ್-ಅಸಿಟೈಲ್‌ಗ್ಯಾಲಕ್ಟೋಸಮೀನ್ ಹಾಕುತ್ತದೆ. ಬಿ ಗುಂಪಿನವರಲ್ಲಿ ಅದೇ ಜಾಗಕ್ಕೆ ಗ್ಯಾಲಕ್ಟೋಸ್ ಬೀಳುತ್ತದೆ. ಎಬಿಯವರಲ್ಲಿ ಎರಡೂ ಎಂಜೈಮ್ ಇವೆ.

ಈಗ ಮುಖ್ಯ ವಿಷಯ. ಎ ಎಂಜೈಮ್ ಆಗಲಿ ಬಿ ಎಂಜೈಮ್ ಆಗಲಿ, ಫ್ಯೂಕೋಸ್ ಇಲ್ಲದ ತುದಿಯನ್ನು ಮುಟ್ಟುವುದೇ ಇಲ್ಲ. ನಿಮ್ಮಕ್ಕನಲ್ಲಿ ಫ್ಯೂಕೋಸ್ ಹಾಕುವ ಎಂಜೈಮ್ ಕೆಟ್ಟಿದೆ. ಹಾಗಾಗಿ ಅವರಲ್ಲಿ ಬಿ ಎಂಜೈಮ್ ಇದ್ದರೂ ಅದಕ್ಕೆ ಕೆಲಸ ಇಲ್ಲ. ಸ್ಲೈಡಿನಲ್ಲಿ ಏನೂ ಕಾಣುವುದಿಲ್ಲ. ಆದರೆ ಬಿ ಜೀನ್ ಮಗನಿಗೆ ಹೋಗುತ್ತದೆ. ಮಗನಿಗೆ ಅಪ್ಪನಿಂದ ಸರಿಯಾದ ಎಚ್ ಜೀನ್ ಬಂದಿದೆ. ಅವನಲ್ಲಿ ಫ್ಯೂಕೋಸ್ ಬಿತ್ತು, ಬಿ ಎಂಜೈಮ್‌ಗೆ ಕೆಲಸ ಸಿಕ್ಕಿತು, ಹುಡುಗ ಬಿ.

ನಿಮ್ಮಕ್ಕನ ಕಾರ್ಡ್ ತಪ್ಪು. ಅತ್ತೆಯ ಲೆಕ್ಕವೂ ತಪ್ಪು.

ಸುಮ್ನೆ_ಓದೋಳು
ಹದಿನೈದು ವರ್ಷ. ಒಂದು ಸಕ್ಕರೆಗೋಸ್ಕರ.

ಶುಗರ್_ಶಿವಣ್ಣ
ಪ್ರೋಟೀನ್‌ಗೆ ಸಕ್ಕರೆ ಅಂಟುವುದು ಕೆಟ್ಟದ್ದಲ್ಲವೇ? ನನ್ನ ಎಚ್‌ಬಿಎ1ಸಿ 8.2 ಬಂದಿದೆ. ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿದೆ ಎಂದು ಡಾಕ್ಟರ್ ಬೈದರು. ಯಾವ ಎಂಜೈಮ್ ನಿಲ್ಲಿಸಬೇಕು?

ಗಾಲ್ಜಿ_ಗಲ್ಲಿ
ಶಿವಣ್ಣ, ಅದು ಬೇರೆ, ಇದು ಬೇರೆ. ನಿಮ್ಮ ಹಿಮೋಗ್ಲೋಬಿನ್‌ಗೆ ಗ್ಲೂಕೋಸ್ ಅಂಟಿರುವುದಕ್ಕೆ ಯಾವ ಎಂಜೈಮೂ ಕಾರಣವಲ್ಲ. ಜಾತ್ರೆಯಲ್ಲಿ ಬೆಂಡುಬತ್ತಾಸು ತಿಂದ ಮಗುವಿನ ಕೈ ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತಲ್ಲ, ಹಾಗೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದಷ್ಟೂ ಜಾಸ್ತಿ ಅಂಟುತ್ತದೆ. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಅದಕ್ಕೇ ಅದು ಎರಡು ಮೂರು ತಿಂಗಳ ಕಥೆ ಹೇಳುತ್ತದೆ. ಇಲ್ಲಿ ಮಾತಾಡುತ್ತಿರುವುದು ದೇಹವೇ ಬೇಕೆಂದು, ಎಂಜೈಮ್ ಇಟ್ಟು, ಇಂಥ ಜಾಗಕ್ಕೆ ಇಂಥ ಸಕ್ಕರೆ ಎಂದು ಕಟ್ಟುವ ಸರ. ಎಂಜೈಮ್ ಬಿಡಿ, ವಾಕಿಂಗ್ ಹೋಗಿ.

ಶುಗರ್_ಶಿವಣ್ಣ
ನಮ್ಮನೆಯವಳೂ ಇದನ್ನೇ ಹೇಳುತ್ತಾಳೆ, ಪಿಎಚ್‌ಡಿ ಇಲ್ಲದೆ.

ಮೇಷ್ಟ್ರು_ತಿಪಟೂರು
ಮೊದಲಿಗೆ, ಎಂಜೈಮ್ ಎಂದು ಯಾಕೆ ಬರೆಯುತ್ತೀರಿ? ಕಿಣ್ವ ಎಂಬ ಚೆಂದದ ಪದ ಇದೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ.

ಎರಡನೆಯದಾಗಿ, ಗಾಲ್ಜಿ ಹೇಳಿದ್ದನ್ನು ನಾನು ಹೂ ಕಟ್ಟುವವರ ಲೆಕ್ಕದಲ್ಲಿ ಹೇಳುತ್ತೇನೆ. ಮಾರ್ಕೆಟ್ಟಿನಲ್ಲಿ ಸಾಲಾಗಿ ಕೂತು ಮಾಲೆ ಕಟ್ಟುತ್ತಾರೆ. ಒಬ್ಬಾಕೆ ಮಲ್ಲಿಗೆ ಮಾತ್ರ ಕಟ್ಟುತ್ತಾಳೆ. ಪಕ್ಕದವಳು ಕನಕಾಂಬರ ಮಾತ್ರ. ಅವಳ ಪಕ್ಕದವಳು ಮರುಗ. ಒಬ್ಬರು ಕಟ್ಟಿ ದಾಟಿಸಿದ ಮೇಲೇ ಮುಂದಿನವರು ಕೈ ಹಾಕುವುದು. ಮಲ್ಲಿಗೆಯವಳು ಒಂದು ದಿನ ರಜೆ ಹಾಕಿದಳು ಎನ್ನಿ. ಕನಕಾಂಬರದವಳು ಬುಟ್ಟಿ ತುಂಬಾ ಹೂ ಇಟ್ಟುಕೊಂಡು ಸುಮ್ನೆ ಕೂತಿರುತ್ತಾಳೆ. ಮಾಲೆ ನೋಡಿದವರು ಕನಕಾಂಬರದವಳೇ ಇಲ್ಲ ಎಂದುಕೊಳ್ಳುತ್ತಾರೆ. ಇವರ ಅಕ್ಕನ ಬಿ ಕಿಣ್ವ ಆ ಕನಕಾಂಬರದವಳು.

ಸ್ಲೈಡ್_ಸಿದ್ದು
ಮೇಷ್ಟ್ರೇ, ಇದನ್ನು ನಮ್ಮ ಟ್ರೈನಿಗಳಿಗೆ ಹೇಳುತ್ತೇನೆ. ಕಿಣ್ವ ಎಂದರೆ ಮಾತ್ರ ಅವರು ಹಿನ್ನೆಲೆ ಗಾಯಕರ ಹೆಸರಾ ಎಂದು ಕೇಳುತ್ತಾರೆ.

ಹುಬ್ಬಳ್ಳಿ_ಗಿರ್ಮಿಟ್
ಕಿಣ್ವ ಅಂದ್ರ ಮೂಲದಾಗ ಹೆಂಡ ಹುಳಿ ಬರಿಸೋ ಸಾಮಾನು ಅಲ್ಲೇನ್ರಿ ಮೇಷ್ಟ್ರ? ಸಂಸ್ಕೃತದ ಪದ ತಂದು ಕನ್ನಡ ಅಂತೀರಿ!

ಮೇಷ್ಟ್ರು_ತಿಪಟೂರು
ಹೌದು, ಹುಳಿ ಬರಿಸುವುದು ಕಿಣ್ವದ ಕೆಲಸವೇ. ಎಂಜೈಮ್ ಎಂಬ ಪದದಲ್ಲೂ ಅದೇ ಹುದುಗು, ಗ್ರೀಕ್ ಭಾಷೆಯ "ಹುಳಿಹಿಟ್ಟಿನಲ್ಲಿ" ಎಂಬುದರಿಂದ ಬಂದದ್ದು. ಎರಡೂ ಒಂದೇ ಮಡಕೆಯವು. ನಿಮಗೆ ಯಾವುದು ಬೇಕೋ ಬಳಸಿ, ಅರ್ಥ ಆದರೆ ಸಾಕು.

ಗಾಲ್ಜಿ_ಗಲ್ಲಿ
ಮೇಷ್ಟ್ರೇ, ಹೂವಿನ ಉಪಮೆ ಬಹಳ ಚೆನ್ನಾಗಿದೆ. ಒಂದು ತಕರಾರು ಮಾತ್ರ. ಹೂ ಕಟ್ಟುವವರಿಗೆ ಯಜಮಾನ ಬಂದು "ಎರಡು ಮಲ್ಲಿಗೆ, ಒಂದು ಕನಕಾಂಬರ" ಎಂದು ಮಾದರಿ ಕೊಟ್ಟಿರುತ್ತಾನೆ. ಇಲ್ಲಿ ಮಾದರಿ ಇಲ್ಲ. ಡಿಎನ್‌ಎ ನೋಡಿ ಪ್ರೋಟೀನ್ ಕಟ್ಟುವಾಗ ಅಕ್ಷರ ಅಕ್ಷರ ನಕಲು ಇದೆ. ಸಕ್ಕರೆ ಸರಕ್ಕೆ ಯಾವ ನಕ್ಷೆಯೂ ಇಲ್ಲ. ಯಾವ ಎಂಜೈಮ್ ಎಷ್ಟಿದೆ, ಯಾರು ಮೊದಲು ಸಿಕ್ಕರು, ಯಾವ ಸಕ್ಕರೆ ಕೈಗೆಟುಕಿತು ಎಂಬುದರ ಮೇಲೆ ಸರ ಬೆಳೆಯುತ್ತದೆ. ಹಾಗಾಗಿ ಒಂದೇ ಪ್ರೋಟೀನಿನ ಎರಡು ಪ್ರತಿಗಳ ಮೇಲೂ ಸರ ಬೇರೆ ಬೇರೆ ಇರಬಹುದು.

ಈ ಜಾತಿಯ ಎಂಜೈಮ್‌ಗಳಿಗೆ ಗ್ಲೈಕೋಸಿಲ್‌ಟ್ರಾನ್ಸ್‌ಫರೇಸ್ ಎನ್ನುತ್ತಾರೆ. ಮನುಷ್ಯನಲ್ಲಿ ಸುಮಾರು 200 ಇವೆ. ಬಿಡಿ ಸಕ್ಕರೆ ಕೊಟ್ಟರೆ ಇವು ತೆಗೆದುಕೊಳ್ಳುವುದಿಲ್ಲ. ಸಕ್ಕರೆಗೆ ಯುಡಿಪಿ, ಜಿಡಿಪಿ ಎಂಬ ಅಣುವಿನ ಟಿಕೆಟ್ ಕಟ್ಟಿರಬೇಕು. ಟಿಕೆಟ್ ಹರಿದು, ಸಕ್ಕರೆಯನ್ನು ಸರಕ್ಕೆ ಹಾಕುತ್ತವೆ. ಈ ಟಿಕೆಟ್ ಇರುವ ಸಕ್ಕರೆಗಳನ್ನು ಕಂಡುಹಿಡಿದವರು ಅರ್ಜೆಂಟೀನಾದ ಲೂಯಿಸ್ ಲೆಲುವಾರ್, 1970ರಲ್ಲಿ ಅವರಿಗೆ ನೊಬೆಲ್ ಬಂತು.

ಬಯೋರಿಯಾಕ್ಟರ್_ಬಸು
ಗಾಲ್ಜಿ, "ಮಾದರಿ ಇಲ್ಲ" ಎಂಬುದನ್ನು ಅಷ್ಟು ಗಟ್ಟಿಯಾಗಿ ಹೇಳಬೇಡಿ. ಪ್ರೋಟೀನಿನ ಆಸ್ಪರಜೀನ್ ಎಂಬ ಅಮೈನೋ ಆಮ್ಲದ ಮೇಲೆ ಕೂರುವ ಸರಗಳಲ್ಲಿ ಶುರು ಯಾವಾಗಲೂ ಒಂದೇ ಥರ ಅಲ್ವಾ? ಹದಿನಾಲ್ಕು ಸಕ್ಕರೆಯ ಇಡೀ ಗೊನೆಯನ್ನು ಮೊದಲೇ ಕಟ್ಟಿಟ್ಟುಕೊಂಡು, ಒಂದೇ ಸಲಕ್ಕೆ ಪ್ರೋಟೀನಿಗೆ ನೇತುಹಾಕುತ್ತಾರೆ. ಅದೂ ಎಲ್ಲೆಂದರಲ್ಲಿ ಅಲ್ಲ. ಆಸ್ಪರಜೀನ್, ನಡುವೆ ಪ್ರೋಲಿನ್ ಬಿಟ್ಟು ಯಾವುದಾದರೊಂದು, ಆಮೇಲೆ ಸೆರೀನ್ ಅಥವಾ ಥ್ರಿಯೋನಿನ್ ಇದ್ದರೆ ಮಾತ್ರ.

ಗಾಲ್ಜಿ_ಗಲ್ಲಿ
ಒಪ್ಪಿದೆ. ಶುರು ಮಾತ್ರ ಕಟ್ಟುನಿಟ್ಟು. ಆಮೇಲೆ ಜೀವಕೋಶದೊಳಗಿನ ಗಾಲ್ಜಿ ಎಂಬ ಭಾಗಕ್ಕೆ ಬಂದಾಗ ಕತ್ತರಿಸಿ, ಜೋಡಿಸಿ, ಕವಲು ತೆಗೆದು ಮನಸ್ಸಿಗೆ ಬಂದ ಹಾಗೆ. ಅದಕ್ಕೇ ನನ್ನ ಐದನೇ ವರ್ಷ.

ಬೆಣ್ಣೆದೋಸೆ_ದಾವಣಗೆರೆ
ಅರ್ಧ ಅರ್ಥ ಆಯಿತು, ಹೂವಿನದ್ದು ಪೂರ್ತಿ ಆಯಿತು. ಥ್ಯಾಂಕ್ಸ್ ಮೇಷ್ಟ್ರೇ.

ಸಿದ್ದು ಅವರೇ, ನೀವು ಕೇಳಿದ್ದು: ಅಪ್ಪ ಎಬಿ. ಅಮ್ಮ ಬಿ. ಇಬ್ಬರದೂ ಆಪರೇಷನ್ ಫೈಲಿನಲ್ಲಿದೆ, ಕಾರ್ಡಿನದ್ದಲ್ಲ. ನಾವು ಮೂವರು ಮಕ್ಕಳು. ಅಕ್ಕ, ನಾನು, ತಮ್ಮ. ನಾನು ಬಿ, ರಕ್ತ ಕೊಟ್ಟಿದ್ದೇನೆ, ಬ್ಲಡ್ ಬ್ಯಾಂಕಿನಲ್ಲೇ ನೋಡಿದ್ದು. ತಮ್ಮನಿಗೆ 36, ಅವನ ಡ್ರೈವಿಂಗ್ ಲೈಸೆನ್ಸಿನಲ್ಲಿ ಓ ಪಾಸಿಟಿವ್ ಇದೆ. ಅವನಿಗೆ ಸೂಜಿ ಕಂಡರೆ ಆಗುವುದಿಲ್ಲ, ಯಾವತ್ತೂ ರಕ್ತ ಕೊಟ್ಟಿಲ್ಲ.

ಸ್ಲೈಡ್_ಸಿದ್ದು
ಎಬಿ ಅಪ್ಪನಿಗೆ ಓ ಮಗ ಹುಟ್ಟುವುದಿಲ್ಲ ಸ್ವಾಮಿ! ಎಬಿ ಇರುವವರು ಮಗುವಿಗೆ ಎ ಆದರೂ ಕೊಡಬೇಕು, ಬಿ ಆದರೂ ಕೊಡಬೇಕು. ಕೊಡುವುದಕ್ಕೆ ಓ ಅವರ ಹತ್ತಿರ ಇರುವುದೇ ಇಲ್ಲ. ಲಕ್ಷಕ್ಕೊಂದು ವಿಚಿತ್ರ ಜೀನ್ ಬಿಟ್ಟರೆ ಇದೇ ನಿಯಮ.

ಅಕ್ಕ "ಓ" ಅಲ್ಲ ಎಂದು ಗೊತ್ತಾಗಿದೆ. ಹಾಗಾದರೆ ನಿಮ್ಮ ತಮ್ಮ?

ಮೊದಲು ಅವರನ್ನು ಹಿಡಿದುಕೊಂಡು ಬ್ಲಡ್ ಬ್ಯಾಂಕಿಗೆ ಹೋಗಿ. ಎಚ್ ಇದೆಯಾ ನೋಡಿ ಎಂದು ಹೇಳಿ.

ಸುಮ್ನೆ_ಓದೋಳು
ಅಯ್ಯೋ ರೋಮಾಂಚನ ಆಯಿತು.

ಟೊರೊಂಟೊ_ಕನ್ನಡತಿ
ಸಿದ್ದು ಅವರೇ, ಅಪ್ಪ ಅಮ್ಮ ಇಬ್ಬರಲ್ಲೂ ಕೆಟ್ಟ ಎಚ್ ಜೀನ್ ಒಂದೊಂದು ಪ್ರತಿ ಇರಬೇಕಲ್ಲವೇ? ಅಷ್ಟು ಅಪರೂಪದ್ದು ಇಬ್ಬರಲ್ಲೂ ಹೇಗೆ ಬಂತು?

ಬೆಣ್ಣೆದೋಸೆ_ದಾವಣಗೆರೆ
ಅಮ್ಮನಿಗೆ ಅಪ್ಪ ಸೋದರಮಾವ.

ಟೊರೊಂಟೊ_ಕನ್ನಡತಿ
ಓ. ಸರಿ, ಅರ್ಥ ಆಯಿತು.

ಪಥ್ಯಪ್ರಿಯ
ನೋಡಿ, ಸೋದರಿಕೆಯಲ್ಲಿ ಮದುವೆ ಮಾಡಬೇಡಿ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ ನಮ್ಮ ಜನ.

ಹುಬ್ಬಳ್ಳಿ_ಗಿರ್ಮಿಟ್
ನಮ್ಮ ಮನ್ಯಾಗೂ ಸೋದರಿಕಿನ. ಈಗ ಏನ್ ಮಾಡೂಣ, ಅಜ್ಜಗ ನೋಟಿಸ್ ಕೊಡೂಣೇನ್ರಿ? ಅವರು ಕೇಳಿದ್ದು ರಕ್ತ, ಉಪದೇಶ ಅಲ್ಲ.

ಗಾಲ್ಜಿ_ಗಲ್ಲಿ
ವಿಷಯ ಇಷ್ಟೇ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಹತ್ತಿರದ ಸಂಬಂಧದಲ್ಲಿ ಒಂದೇ ಅಜ್ಜ ಅಜ್ಜಿಯಿಂದ ಒಂದೇ ಕೆಟ್ಟ ಪ್ರತಿ ಎರಡೂ ಕಡೆಗೆ ಬರುವ ಸಾಧ್ಯತೆ ಜಾಸ್ತಿ. ಇದಕ್ಕೆ ಯಾರನ್ನೂ ಬೈಯುವ ಅಗತ್ಯ ಇಲ್ಲ. ಬಾಂಬೆ ಗುಂಪು ರೋಗ ಅಲ್ಲ, ಇವರು ಎಲ್ಲರ ಹಾಗೇ ಆರೋಗ್ಯವಾಗಿರುತ್ತಾರೆ. ರಕ್ತ ಬೇಕಾದ ದಿನ ಮಾತ್ರ ಕಷ್ಟ.

ಇತಿಹಾಸ ಬೇಕಾದರೆ: 1952ರಲ್ಲಿ ಮುಂಬಯಿಯಲ್ಲಿ ವೈ.ಎಂ. ಭೇಂಡೆ ಮತ್ತು ಜೊತೆಯವರು ಇದನ್ನು ಮೊದಲು ಗುರುತಿಸಿದರು. ಹೆಸರು ಬಂದದ್ದು ಅದರಿಂದ. ಅದರಾಚೆ ಬಾಂಬೆಗೂ ಈ ಗುಂಪಿಗೂ ಸಂಬಂಧ ಇಲ್ಲ, ನಮ್ಮ ಕರ್ನಾಟಕದಲ್ಲೂ ಇದ್ದಾರೆ. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಎನ್ನುತ್ತಾರೆ. ಯುರೋಪಿನಲ್ಲಿ ಇನ್ನೂ ಬಹಳ ಕಡಿಮೆ.

ಮತ್ತೆ ಈ ಅಕ್ಕನ ಮಗನ ಕಥೆಯೂ ಹೊಸದಲ್ಲ! 1955ರಲ್ಲಿ ಅಮೆರಿಕದಲ್ಲಿ ಫಿಲಿಪ್ ಲೆವಿನ್ ತಂಡ ಇಂಥದ್ದೇ ಒಂದು ಕುಟುಂಬದ ಬಗ್ಗೆ ಬರೆದಿತ್ತು. ಓ ಎಂದು ಕಾಣುವ ತಾಯಿ, ಬಿ ಜೀನ್ ಮಗಳಿಗೆ ಕೊಟ್ಟಿದ್ದಳು. ಅತ್ತೆಗೆ ಬೇಕಾದರೆ ಹೇಳಿ, ಎಪ್ಪತ್ತು ವರ್ಷ ಹಳೆಯ ಸುದ್ದಿ ಎಂದು.

ಬೆಣ್ಣೆದೋಸೆ_ದಾವಣಗೆರೆ
ಇನ್ನೊಂದು ಭಯ. ಅಕ್ಕ ಕಾಲೇಜಿನಲ್ಲಿ ಒಮ್ಮೆ ರಕ್ತ ಕೊಟ್ಟಿದ್ದಳಂತೆ, ಓ ಎಂದು. ಯಾರಿಗಾದರೂ ತೊಂದರೆ ಆಗಿರಬಹುದಾ? ರಾತ್ರಿಯೆಲ್ಲ ಅದನ್ನೇ ಯೋಚಿಸುತ್ತಿದ್ದಾಳೆ.

ಸ್ಲೈಡ್_ಸಿದ್ದು
ಅಕ್ಕನಿಗೆ ನಿದ್ದೆ ಮಾಡಲು ಹೇಳಿ. ಬಾಂಬೆಯವರ ಕೆಂಪು ಕಣದ ಮೇಲೆ ಎ ಇಲ್ಲ, ಬಿ ಇಲ್ಲ, ಎಚ್ ಕೂಡ ಇಲ್ಲ. ಆರ್‌ಎಚ್ ಹೊಂದಿದರೆ ಆ ಕಣವನ್ನು ಯಾವ ಗುಂಪಿನವರ ದೇಹವೂ ಜಗಳವಿಲ್ಲದೆ ತೆಗೆದುಕೊಳ್ಳುತ್ತದೆ. ತೊಂದರೆ ಇರುವುದು ಅವರ ಪ್ಲಾಸ್ಮಾದಲ್ಲಿ, ಅಂದರೆ ಕಣ ತೆಗೆದರೆ ಉಳಿಯುವ ದ್ರವದಲ್ಲಿ. ಕೆಂಪು ಕಣ ಬೇರೆ ಮಾಡಿ ಕೊಡುವಾಗ ಅದು ಸ್ವಲ್ಪವೇ ಉಳಿಯುತ್ತದೆ. ಅಲ್ಲದೆ ಕೊಡುವ ಮುಂಚೆ ಕ್ರಾಸ್‌ಮ್ಯಾಚ್ ಇದ್ದೇ ಇರುತ್ತದೆ.

ಅವರಿಗೆ ಬೇರೆಯವರ ರಕ್ತ ಹಾಕುವುದು ಮಾತ್ರ ಅಪಾಯ. ಮಾಮೂಲಿ ಓ ಕಣದ ಮೇಲೆ ಎಚ್ ತುಂಬಿರುತ್ತದೆ. ಅವರ ದೇಹ ಎಚ್ ನೋಡಿಯೇ ಇಲ್ಲ, ಅದರ ಮೇಲೆ ಬೀಳುತ್ತದೆ. ಬಾಂಬೆಗೆ ಬಾಂಬೆಯೇ ಆಗಬೇಕು.

ಈ ಒಂದು ವಾರದಲ್ಲಿ ಮೂರು ಕೆಲಸ ಮಾಡಿ. ತಮ್ಮನ ಪರೀಕ್ಷೆ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಬಾಂಬೆ ಗುಂಪಿನ ದಾನಿಗಳ ಪಟ್ಟಿ ಇಟ್ಟಿದೆ, ಅಲ್ಲಿ ಹೇಳಿ ಇಡಿ. ಆಮೇಲೆ ಡಾಕ್ಟರನ್ನು ಕೇಳಿ, ಆಪರೇಷನ್ ತುರ್ತಲ್ಲದಿದ್ದರೆ ಮೊದಲು ಕಬ್ಬಿಣಾಂಶ ಕೊಟ್ಟು ಅಕ್ಕನ ಹಿಮೋಗ್ಲೋಬಿನ್ ಏರಿಸಿಕೊಳ್ಳಬಹುದಾ, ಅಕ್ಕನ ರಕ್ತವನ್ನೇ ತೆಗೆದಿಟ್ಟುಕೊಳ್ಳಬಹುದಾ ಎಂದು. ಗಡ್ಡೆಯಿಂದ ರಕ್ತ ಹೋಗುತ್ತಿದ್ದರೆ ಎರಡನೆಯದು ಕಷ್ಟ, ಅದನ್ನು ಅವರೇ ತೀರ್ಮಾನಿಸಬೇಕು.

ಸುಮ್ನೆ_ಓದೋಳು
ಒಂದು ದಡ್ಡ ಪ್ರಶ್ನೆ. ಎಚ್ ನೋಡೇ ಇಲ್ಲ ಎಂದರೆ ಅದರ ಮೇಲೆ ಸಿಟ್ಟು ಎಲ್ಲಿಂದ ಬಂತು? ನನ್ನದು ಎ. ನಾನೂ ಬಿ ರಕ್ತ ಯಾವತ್ತೂ ಹಾಕಿಸಿಕೊಂಡಿಲ್ಲ. ಆದರೂ ನನ್ನೊಳಗೆ ಬಿ ವಿರುದ್ಧ ಏನೋ ಇದೆಯಂತಲ್ಲ.

ಗಾಲ್ಜಿ_ಗಲ್ಲಿ
ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳ ಮೈಮೇಲೂ ಇಂಥದ್ದೇ ಸಕ್ಕರೆ ತುದಿಗಳಿವೆ. ದೇಹ ಅವುಗಳನ್ನು ನೋಡಿ ಕಲಿಯುತ್ತದೆ. ತನ್ನಲ್ಲಿ ಇರುವುದನ್ನು ಬಿಡುತ್ತದೆ, ಇಲ್ಲದ್ದರ ಮೇಲೆ ಪ್ರತಿಕಾಯ ಮಾಡಿಟ್ಟುಕೊಳ್ಳುತ್ತದೆ. ಹುಟ್ಟಿದ ಮಗು ಇದನ್ನು ಸ್ವಂತವಾಗಿ ಮಾಡಲು ಕೆಲವು ತಿಂಗಳು ಬೇಕು.

ಎ ಎಂಜೈಮ್‌ಗೂ ಬಿ ಎಂಜೈಮ್‌ಗೂ ಎಷ್ಟು ವ್ಯತ್ಯಾಸ ಗೊತ್ತಾ? 354 ಅಮೈನೋ ಆಮ್ಲಗಳ ಉದ್ದದಲ್ಲಿ ನಾಲ್ಕೇ ನಾಲ್ಕು ಬೇರೆ. ಅದರಲ್ಲೂ 266 ಮತ್ತು 268ನೇ ಜಾಗದ ಎರಡೇ ಮುಖ್ಯ. ಯಾವ ಸಕ್ಕರೆ ಒಳಗೆ ಬರಬೇಕು ಎಂದು ಬಾಗಿಲಲ್ಲಿ ನಿಂತು ತೀರ್ಮಾನಿಸುವವರು ಅವರು. ಓ ಜೀನಿನಲ್ಲಿ ಸಾಮಾನ್ಯವಾಗಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ. ಅಲ್ಲಿಂದ ಮುಂದೆ ಓದುವುದೆಲ್ಲ ಅಡ್ಡಾದಿಡ್ಡಿ, ಎಂಜೈಮ್ ಅರ್ಧಕ್ಕೇ ನಿಂತುಹೋಗುತ್ತದೆ. ಇದನ್ನು 1990ರಲ್ಲಿ ಯಮಾಮೊಟೊ ಅವರ ತಂಡ ತೋರಿಸಿತು. ಭಾರತದ ಬಾಂಬೆ ಗುಂಪಿನವರಲ್ಲಿ ಹೆಚ್ಚಾಗಿ ಸಿಗುವುದೂ ಒಂದೇ ಅಕ್ಷರದ ತಪ್ಪು. ಎಫ್‌ಯುಟಿ1 ಎಂಬ, ಫ್ಯೂಕೋಸ್ ಹಾಕುವ ಎಂಜೈಮಿನ ಜೀನಿನ 725ನೇ ಅಕ್ಷರ ಟಿ ಇರಬೇಕಾದಲ್ಲಿ ಜಿ.

ಮೇಷ್ಟ್ರು_ತಿಪಟೂರು
ಕಾಗುಣಿತದ ಒಂದು ತಪ್ಪಿಗೆ ಇಷ್ಟು ದಂಡವೇ? ನಾನು ಅರ್ಧ ಅಂಕ ಮಾತ್ರ ಕಳೆಯುತ್ತಿದ್ದೆ.

ಪಥ್ಯಪ್ರಿಯ
ಯಾರೂ ನನ್ನ ಮಾತು ಕೇಳುತ್ತಿಲ್ಲ. ರಕ್ತದ ಗುಂಪಿಗೆ ತಕ್ಕ ಊಟ ಎಂಬ ಪದ್ಧತಿ ಇದೆ. ಕಾಳುಗಳಲ್ಲಿ ಲೆಕ್ಟಿನ್ ಎಂಬ ಪ್ರೋಟೀನ್ ಇರುತ್ತದೆ, ಅದು ಆಯಾ ಗುಂಪಿನ ರಕ್ತವನ್ನು ಗಂಟು ಕಟ್ಟಿಸುತ್ತದೆ. ಇದು ವಿಜ್ಞಾನ.

ಟೊರೊಂಟೊ_ಕನ್ನಡತಿ
ಅದನ್ನು 2014ರಲ್ಲಿ ನಮ್ಮೂರಿನ ವಿಶ್ವವಿದ್ಯಾಲಯದವರೇ ಪರೀಕ್ಷಿಸಿದರು. ಆ ಊಟಗಳಿಂದ ಸ್ವಲ್ಪ ಲಾಭ ಆಯಿತು, ಆದರೆ ಯಾವ ಗುಂಪಿನವರಿಗಾದರೂ ಆಯಿತು. ಅಂದರೆ ತರಕಾರಿ ಜಾಸ್ತಿ ತಿಂದರೆ ಎಲ್ಲರಿಗೂ ಒಳ್ಳೆಯದು. ಅದಕ್ಕೆ ರಕ್ತದ ಗುಂಪು ಯಾಕೆ ಬೇಕು?

ಸ್ಲೈಡ್_ಸಿದ್ದು
ಪಥ್ಯಪ್ರಿಯರ ಮಾತಿನಲ್ಲಿ ಒಂದು ಚಮಚ ನಿಜ ಇದೆ, ಅದನ್ನು ಕೊಟ್ಟುಬಿಡುತ್ತೇನೆ. ನಮ್ಮ ಹುರುಳಿಕಾಳು ಇದೆಯಲ್ಲ, ಅದರ ಲೆಕ್ಟಿನ್ ಎ1 ಗುಂಪಿನ ಕಣವನ್ನು ಹಿಡಿದು ಗಂಟು ಕಟ್ಟಿಸುತ್ತದೆ. ಎ2 ಎಂಬ ಉಪಗುಂಪನ್ನು ಬಿಟ್ಟುಬಿಡುತ್ತದೆ. 1951ರಲ್ಲಿ ಜಿ.ಡಬ್ಲ್ಯು.ಜಿ. ಬರ್ಡ್ ಎಂಬುವರು ಇದನ್ನು ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿನಿಂದ ಬರುವ ಪತ್ರಿಕೆ ಅದು. ಇವತ್ತಿಗೂ ಪ್ರಪಂಚದ ಬ್ಲಡ್ ಬ್ಯಾಂಕುಗಳು ಎ1, ಎ2 ಬೇರೆ ಮಾಡುವುದು ಹೆಚ್ಚಾಗಿ ಹುರುಳಿಯ ಸಾರದಿಂದಲೇ. ಸಣ್ಣ ಬಾಟಲಿಯಲ್ಲಿ ಬರುತ್ತದೆ. ರೇಟ್ ಕೇಳಿದರೆ ನಮ್ಮೂರ ರೈತರು ಅಳುತ್ತಾರೆ.

ಸುಮ್ನೆ_ಓದೋಳು
ನಾನು ಎ ಅಂದೆನಲ್ಲ! ನಿನ್ನೆ ರಾತ್ರಿ ಹುರುಳಿ ಸಾರು ಮುದ್ದೆ. ಈಗ ಗಂಟು ಕಟ್ಟುತ್ತೇನಾ?

ಸ್ಲೈಡ್_ಸಿದ್ದು
ಕುಕ್ಕರಿನಲ್ಲಿ ಬೆಂದ ಮೇಲೆ ಲೆಕ್ಟಿನ್ ಕಥೆ ಮುಗಿಯುತ್ತದೆ. ನನ್ನದೂ ಎ1. ನಲವತ್ತೈದು ವರ್ಷದಿಂದ ಹುರುಳಿ ಕಟ್ಟಿನ ಸಾರು ಕುಡಿಯುತ್ತಿದ್ದೇನೆ. ಹೊಟ್ಟೆ ಬಂದಿದೆ, ಗಂಟು ಬಂದಿಲ್ಲ.

ಎಚ್ ಹಿಡಿಯುವ ಲೆಕ್ಟಿನ್ ಕೂಡ ಒಂದು ಗಿಡದ್ದೇ, ಯುಲೆಕ್ಸ್ ಎಂದು. ಹಳದಿ ಹೂ ಬಿಡುವ ಮುಳ್ಳಿನ ಪೊದೆ. ಬ್ರಿಟಿಷರ ಕಾಲದಲ್ಲಿ ಬಂದದ್ದು ಊಟಿ ಕಡೆ ಕಾಡುಗಿಡವಾಗಿ ಹಬ್ಬಿದೆ. ಬೆಣ್ಣೆದೋಸೆಯವರೇ, ನಿಮ್ಮ ತಮ್ಮನ ಕಣಕ್ಕೆ ಹಾಕುವುದು ಅದನ್ನೇ. ಓ ಆದರೆ ಜೋರಾಗಿ ಗಂಟು ಕಟ್ಟುತ್ತದೆ. ಬಾಂಬೆ ಆದರೆ ಸುಮ್ನೆ ಇರುತ್ತದೆ.

ಗಾಲ್ಜಿ_ಗಲ್ಲಿ
ಲೆಕ್ಟಿನ್ ಅಂದರೆ ನಮ್ಮ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ನೆನಪಾಗಲೇಬೇಕು. ಕಡಲೆಕಾಯಿಯ ಲೆಕ್ಟಿನ್, ಹಲಸಿನ ಬೀಜದ ಲೆಕ್ಟಿನ್, ಎರಡರ ಆಕಾರವನ್ನೂ 1990ರ ದಶಕದಲ್ಲಿ ಎಂ. ವಿಜಯನ್ ಅವರ ತಂಡ ಬಿಡಿಸಿತು. ಹಲಸಿನದಕ್ಕೆ ಜಾಕಲಿನ್ ಎಂದು ಹೆಸರು. ಎಂಜೈಮ್‌ಗಳು ಕಟ್ಟಿದ ಸರವನ್ನು ಓದುವ ಬೆರಳು ಇವು.

ಬಾಳೆಹೊನ್ನೂರು_ಎಸ್ಟೇಟ್
ಹುರುಳಿ, ಕಡಲೆಕಾಯಿ, ಹಲಸು ಎಲ್ಲ ಬಂತು. ಕಾಫಿ ಯಾಕೆ ಬಿಟ್ಟಿರಿ?

ಬಯೋರಿಯಾಕ್ಟರ್_ಬಸು
ನೀವು ತಮಾಷೆಗೆ ಕೇಳಿದ್ದಿರಬಹುದು, ಆದರೆ ಕಾಫಿ ನಿಜವಾಗಲೂ ಇದೆ! ಹುರಿಯದ ಹಸಿರು ಕಾಫಿ ಬೀಜದಲ್ಲಿ ಆಲ್ಫಾ ಗ್ಯಾಲಕ್ಟೋಸಿಡೇಸ್ ಎಂಬ ಎಂಜೈಮ್ ಇದೆ. ಇದು ಕಟ್ಟುವುದಲ್ಲ, ಬಿಚ್ಚುವುದು. ಬಿ ಕಣದ ತುದಿಯಲ್ಲಿರುವ ಗ್ಯಾಲಕ್ಟೋಸ್ ಕತ್ತರಿಸಿ ಹಾಕಿದರೆ ಉಳಿಯುವುದು ಎಚ್. ಅಂದರೆ ಬಿ ರಕ್ತ ಓ ಆಯಿತು. 1982ರಲ್ಲಿ ನ್ಯೂಯಾರ್ಕಿನಲ್ಲಿ ಗೋಲ್ಡ್‌ಸ್ಟೀನ್ ತಂಡ ಹೀಗೆ ಬದಲಾಯಿಸಿದ ಕಣಗಳನ್ನು ಮನುಷ್ಯರಿಗೇ ಕೊಟ್ಟು ನೋಡಿತು. ಕೆಲಸ ಮಾಡಿತು. ಆದರೆ ಎಂಜೈಮ್ ಬಹಳ ಬೇಕಾಗುತ್ತಿತ್ತು, ಹಾಗಾಗಿ ಬಳಕೆಗೆ ಬರಲಿಲ್ಲ. ಎ ಇನ್ನೂ ಕಷ್ಟದ್ದು. 2019ರಲ್ಲಿ ಕೆನಡಾದವರು ಹೊಟ್ಟೆಯ ಒಂದು ಬ್ಯಾಕ್ಟೀರಿಯಾದಿಂದ ಅದಕ್ಕೂ ಜೋಡಿ ಎಂಜೈಮ್ ಹುಡುಕಿದ್ದಾರೆ.

ಬಾಳೆಹೊನ್ನೂರು_ಎಸ್ಟೇಟ್
ಇದನ್ನು ಕಾಫಿ ಬೋರ್ಡಿಗೆ ಹೇಳಬೇಕು. ಬೆಲೆ ಬಿದ್ದಾಗ ರಕ್ತಕ್ಕಾದರೂ ಮಾರಬಹುದು.

ಹುಬ್ಬಳ್ಳಿ_ಗಿರ್ಮಿಟ್
ಹಂಗಿದ್ರ ಓ ರಕ್ತದಾಗಿಂದ ಎಚ್ ಕತ್ತರಿಸಿದ್ರ ಬಾಂಬೆ ಆತಲ್ಲ? ಇವರ ಅಕ್ಕನ ಸಮಸ್ಯೆ ಮುಗೀತು!

ಗಾಲ್ಜಿ_ಗಲ್ಲಿ
ಲೆಕ್ಕ ಸರಿ ಇದೆ ಗುರೂ, ಫ್ಯೂಕೋಸ್ ತೆಗೆಯುವ ಎಂಜೈಮ್‌ಗಳೂ ಇವೆ. ಆದರೆ ಒಂದು ಕಣದ ಮೇಲೆ ಇಂಥ ತುದಿಗಳು ಹತ್ತು ಲಕ್ಷದ ಆಸುಪಾಸು. ಒಂದಷ್ಟು ಉಳಿದರೂ ಅಕ್ಕನ ದೇಹ ಬಿಡುವುದಿಲ್ಲ. ಆಸ್ಪತ್ರೆಯಲ್ಲಿ ಇಂಥ ರಕ್ತ ಸಿಗುವುದಿಲ್ಲ.

ಟೊರೊಂಟೊ_ಕನ್ನಡತಿ
2022ರಲ್ಲಿ ಮನುಷ್ಯನಿಗೆ ಹಂದಿಯ ಹೃದಯ ಹಾಕಿದರಲ್ಲ, ಅದೂ ಇದೇ ಕಥೆಯಾ?

ಬಯೋರಿಯಾಕ್ಟರ್_ಬಸು
ಹೂಂ, ಅದರಲ್ಲಿ ಬದಲಾಯಿಸಿದ ಹತ್ತು ಜೀನ್‌ಗಳಲ್ಲಿ ಮೂರು ಸಕ್ಕರೆಯದ್ದೇ. ಹಂದಿ, ದನ ಎಲ್ಲದರಲ್ಲೂ ಆಲ್ಫಾ-ಗ್ಯಾಲ್ ಎಂಬ ತುದಿ ಕಟ್ಟುವ ಎಂಜೈಮ್ ಇದೆ. ನಮ್ಮ ವಂಶದಲ್ಲಿ ಅದು ಎಂದೋ ಕೆಟ್ಟುಹೋಯಿತು. ಹಾಗಾಗಿ ನಮಗೆಲ್ಲ ಅದರ ಮೇಲೆ ಪ್ರತಿಕಾಯ ಇದೆ. ಒಂದು ಲೆಕ್ಕದಲ್ಲಿ ಹಂದಿಯ ಎದುರು ನಾವೆಲ್ಲರೂ ಬಾಂಬೆ ಗುಂಪೇ.

ನನ್ನ ಕೆಲಸವೂ ಇದೇ ತಲೆನೋವು. ಇನ್ಸುಲಿನ್‌ಗೆ ಸಕ್ಕರೆ ಸರ ಇಲ್ಲ, ಅದನ್ನು ಯೀಸ್ಟಿನಲ್ಲಿ ಮಾಡಬಹುದು, ಬಯೋಕಾನ್ ಮಾಡುವುದು ಹಾಗೇ. ಕ್ಯಾನ್ಸರಿನ ಪ್ರತಿಕಾಯ ಔಷಧಿಗಳಿಗೆ ಸರ ಬೇಕು, ಅದೂ ಮನುಷ್ಯನದಕ್ಕೆ ಹತ್ತಿರ ಇರಬೇಕು. ಅದಕ್ಕೇ ಹ್ಯಾಮ್‌ಸ್ಟರ್ ಇಲಿಯ ಅಂಡಾಶಯದ ಜೀವಕೋಶ ಸಾಕುತ್ತೇವೆ. ಉಷ್ಣಾಂಶ ಸ್ವಲ್ಪ ಆಚೀಚೆ ಆದರೂ ಸರ ಬದಲಾಗುತ್ತದೆ. ಇಡೀ ಬ್ಯಾಚ್ ಚೆಲ್ಲಿದ ದಿನ ನಾನು ಮನೆಗೆ ಹೋಗಿ ಯಾರ ಹತ್ತಿರವೂ ಮಾತಾಡಲಿಲ್ಲ.

ಪಥ್ಯಪ್ರಿಯ
ಹಂದಿ, ಇಲಿ. ಎಲ್ಲಿಗೆ ಬಂತು ಚರ್ಚೆ.

ಹುಬ್ಬಳ್ಳಿ_ಗಿರ್ಮಿಟ್
ಶುರು ಮಾಡಿದ್ದ ನೀವ, ಮಾಂಸದಿಂದ.

ಬೆಣ್ಣೆದೋಸೆ_ದಾವಣಗೆರೆ
ಹನ್ನೆರಡು ದಿನ ಆಯಿತು, ಕ್ಷಮಿಸಿ. ಓಡಾಟದಲ್ಲಿ ಬರೆಯಲು ಆಗಲಿಲ್ಲ.

ತಮ್ಮನನ್ನು ಮಿರ್ಚಿ ತಿನ್ನೋಣ ಬಾ ಎಂದು ಕರೆದುಕೊಂಡು ಹೋಗಿ ಬ್ಲಡ್ ಬ್ಯಾಂಕಿನ ಮುಂದೆ ಗಾಡಿ ನಿಲ್ಲಿಸಿದೆ. ಬೈದ. ಒಳಗೆ ಬಂದ. ಕಣ್ಣು ಮುಚ್ಚಿಕೊಂಡು ಕೈ ಚಾಚಿದ. ಸಿದ್ದು ಅವರೇ, ನೀವು ಹೇಳಿದ್ದೇ ಆಯಿತು. ಓ ಕಣ ಹಾಕಿದರೆ ಗಂಟು, ಆ ಊಟಿ ಗಿಡದ್ದು ಹಾಕಿದರೆ ಏನೂ ಇಲ್ಲ. ಬಾಂಬೆ ಪಾಸಿಟಿವ್. ಅಲ್ಲಿದ್ದ ಮೇಡಂ ಇನ್ನಿಬ್ಬರನ್ನು ಕರೆದು ತೋರಿಸಿದರು, ತಮ್ಮ ಆಗ ಮಾತ್ರ ಸ್ವಲ್ಪ ಎದೆ ಉಬ್ಬಿಸಿದ.

ನಾಲ್ಕು ದಿನ ಬಿಟ್ಟು ಒಂದು ಬಾಟಲಿ ಕೊಟ್ಟ. ಕೊಟ್ಟಾದ ಮೇಲೆ ಐದು ನಿಮಿಷ ತಲೆ ಸುತ್ತು, ಎರಡು ಬಿಸ್ಕತ್ತು ಪ್ಯಾಕೆಟ್. ಮೊನ್ನೆ ಅಕ್ಕನ ಆಪರೇಷನ್ ಆಯಿತು. ಅವನ ಬಾಟಲಿ ಹಾಕಿದರು, ಇನ್ನೊಂದು ಬೇಕಾಗಲಿಲ್ಲ. ಚೆನ್ನಾಗಿದ್ದಾಳೆ.

ಸುಮ್ನೆ_ಓದೋಳು
ಆಫೀಸಿನಲ್ಲಿ ಕೂತು ಅಳುತ್ತಿದ್ದೇನೆ. ತಮ್ಮನಿಗೆ ಮಿರ್ಚಿ ಕೊಡಿಸಿದಿರಾ?

ಬೆಣ್ಣೆದೋಸೆ_ದಾವಣಗೆರೆ
ಎರಡು ಪ್ಲೇಟ್, ಮಂಡಕ್ಕಿ ಜೊತೆ.

ಸ್ಲೈಡ್_ಸಿದ್ದು
ತಮ್ಮನ ಹೆಸರನ್ನು ಅಪರೂಪದ ದಾನಿಗಳ ಪಟ್ಟಿಯಲ್ಲಿ ಬರೆಸಿ. ಲೈಸೆನ್ಸಿನಲ್ಲಿ ಓ ಎಂದಿರುವುದನ್ನು ಬದಲಾಯಿಸಲು ಅರ್ಜಿ ಹಾಕಿ. ಅಪಘಾತ ಆದಾಗ ಆಸ್ಪತ್ರೆಯವರು ಕ್ರಾಸ್‌ಮ್ಯಾಚ್ ಮಾಡುತ್ತಾರೆ ಸರಿ, ಆದರೆ ಆ ಹೊತ್ತಿನಲ್ಲಿ ಒಂದೊಂದು ನಿಮಿಷವೂ ಉಳಿಯಬೇಕು. ಪರ್ಸಿನಲ್ಲಿ ಒಂದು ಚೀಟಿ ಇರಲಿ.

ಮೇಷ್ಟ್ರು_ತಿಪಟೂರು
ಅತ್ತೆಯ ವಿಷಯ ಏನಾಯಿತು?

ಬೆಣ್ಣೆದೋಸೆ_ದಾವಣಗೆರೆ
ಮೇಷ್ಟ್ರೇ, ನಿಮ್ಮ ಹೂವಿನ ಪ್ಯಾರಾವನ್ನು ಆಸ್ಪತ್ರೆಯ ವರಾಂಡದಲ್ಲಿ ಕೂತು ಅವರಿಗೆ ಓದಿ ಹೇಳಿದೆ. ಭಾವನೂ ಪಕ್ಕದಲ್ಲೇ ಇದ್ದರು. ಅತ್ತೆ ಎರಡು ಸಲ ಓದಿಸಿದರು. ಏನೂ ಮಾತಾಡಲಿಲ್ಲ. ಸಂಜೆ ಅಕ್ಕನನ್ನು ನೋಡಲು ಬಂದಾಗ ಒಂದು ಮೊಳ ಕನಕಾಂಬರ ತಂದಿದ್ದರು. ವಾರ್ಡಿನ ಸಿಸ್ಟರ್ ಹೂ ಒಳಗೆ ಬಿಡಲಿಲ್ಲ. ಈಗ ಅದು ನನ್ನ ಗಾಡಿಯ ಹ್ಯಾಂಡಲಿನಲ್ಲಿದೆ.